ಕುರಿ ಭ್ರೂಣ ಎಂಟು ಕೋಶಕ್ಕೇ ನಿಲ್ಲುತ್ತಿದ್ದರೆ ಎಫ್‌ಎಸ್‌ಎಚ್ ಏರಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಕಸಾಯಿಖಾನೆಯಿಂದ ತಂದ ಕುರಿ ಅಂಡಾಶಯದ ಅಂಡಾಣುಗಳನ್ನು ಲ್ಯಾಬಿನಲ್ಲಿ ಪಕ್ವಗೊಳಿಸುತ್ತಿದ್ದೀರಿ, ಕ್ಯುಮುಲಸ್ (ಅಂಡಾಣುವಿನ ಸುತ್ತಲ ಕೋಶಗಳ ಹೊದಿಕೆ) ಚೆನ್ನಾಗಿ ಅರಳುತ್ತೆ, ಧ್ರುವಕಾಯವೂ (ಪಕ್ವವಾಗುವಾಗ ಅಂಡಾಣು ಹೊರಹಾಕುವ ಪುಟ್ಟ ಕೋಶ) ಕಾಣುತ್ತೆ, ಆದರೆ ಭ್ರೂಣ ಎಂಟು-ಹದಿನಾರು ಕೋಶಕ್ಕೆ ನಿಂತುಬಿಡುತ್ತೆ. ಎಫ್‌ಎಸ್‌ಎಚ್ (ಅಂಡಾಣು ಪಕ್ವವಾಗೋಕೆ ಹಾಕುವ ಹಾರ್ಮೋನು) ಎಷ್ಟಕ್ಕೆ ಏರಿಸಲಿ ಅಂತ ಕೇಳಿದ್ದೀರಿ.

ಏರಿಸಬೇಡಿ. ಹಯಲುರೊನಿಕ್ ಆಮ್ಲ ತುಂಬಿ ಕೋಶಗಳು ಬಿಡಿಬಿಡಿಯಾಗೋದೇ ಕ್ಯುಮುಲಸ್ ಅರಳೋದು. ಹಾರ್ಮೋನು ತನ್ನ ಕೆಲಸ ಮಾಡಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಧ್ರುವಕಾಯ ಬಂತೆಂದರೆ ನ್ಯೂಕ್ಲಿಯಸ್ ಪಕ್ವವಾಯಿತು ಅಂತ. ಸೈಟೋಪ್ಲಾಸಂ, ಅಂದರೆ ನ್ಯೂಕ್ಲಿಯಸ್ ಸುತ್ತಲಿನ ಭಾಗ, ಪಕ್ವವಾಯಿತಾ ಅನ್ನೋದು ಬೇರೆ ಮಾತು, ಅದು ಮೈಕ್ರೋಸ್ಕೋಪಿನಲ್ಲಿ ಕಾಣಲ್ಲ. ಕುರಿ ಭ್ರೂಣದ ಸ್ವಂತ ಜೀನ್‌ಗಳು ಎಚ್ಚರಗೊಳ್ಳೋದು ಸರಿಯಾಗಿ ಎಂಟು-ಹದಿನಾರು ಕೋಶದ ಹೊತ್ತಿಗೆ. ಅಲ್ಲಿಯವರೆಗೆ ಅದು ಬದುಕೋದು ತಾಯಿ ಕಟ್ಟಿಕೊಟ್ಟ ಬುತ್ತಿಯ ಮೇಲೆ, ಅಂದರೆ ಅಂಡಾಣುವಿನಲ್ಲಿ ಮೊದಲೇ ಶೇಖರವಾದ ಆರ್‌ಎನ್‌ಎ, ಪ್ರೋಟೀನುಗಳ ಮೇಲೆ. ನಿಮ್ಮ ಭ್ರೂಣಕ್ಕೆ ಬುತ್ತಿ ಸಾಲುತ್ತಿಲ್ಲ ಅಂತ ನನ್ನ ಅನುಮಾನ.

ನಮ್ಮ ಕಡೆ ಮಾವಿನಕಾಯಿ ಅಡೆ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತೆ. ಬಲಿತ ಕಾಯಿ ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತೆ. ಎಳೆಗಾಯಿಗೆ ಬಣ್ಣವೇನೋ ಬರುತ್ತೆ, ರುಚಿ ಬರಲ್ಲ. ಅಂಡಾಣುವೂ ಹಾಗೇ. ಫಾಲಿಕಲ್ (ಅಂಡಾಶಯದಲ್ಲಿ ಅಂಡಾಣು ಬೆಳೆಯುವ ದ್ರವದ ಗುಳ್ಳೆ) ಒಳಗೆ ಇರುವಷ್ಟು ದಿನ ಸೈಕ್ಲಿಕ್ ಎಎಂಪಿ ಎಂಬ ಸಂಕೇತದ ಅಣು ಅಂಡಾಣುವನ್ನು ತಡೆದು ಹಿಡಿದಿರುತ್ತೆ. ನಾವು ಸೂಜಿ ಚುಚ್ಚಿ ಹೊರಗೆಳೆದ ಕೂಡಲೇ ಆ ತಡೆ ಹೋಗಿ, ಬಲಿತಿರಲಿ ಬಿಡಲಿ, ನ್ಯೂಕ್ಲಿಯಸ್ ತಾನೇ ಓಡೋಕೆ ಶುರು ಮಾಡುತ್ತೆ. ಹಾಗಾಗಿ ಮೊದಲು ಆಯ್ಕೆ ಬಿಗಿ ಮಾಡಿ. 2ರಿಂದ 6 ಮಿಲಿಮೀಟರ್ ಫಾಲಿಕಲ್ ಮಾತ್ರ ಹೀರಿ. ಬ್ಲೇಡಿನಿಂದ ಕೊಯ್ದರೆ ಸಂಖ್ಯೆ ಜಾಸ್ತಿ ಸಿಗುತ್ತೆ ನಿಜ, ಜೊತೆಗೆ ಎಳೆಯವೂ ಬರುತ್ತವೆ. ಸುತ್ತ ಮೂರಕ್ಕಿಂತ ಹೆಚ್ಚು ಪದರ ಕ್ಯುಮುಲಸ್ ಒತ್ತಾಗಿ ಕೂತಿರಬೇಕು, ಒಳಗೆ ಬಣ್ಣ ಒಂದೇ ಸಮ ಇರಬೇಕು. ಉಳಿದದ್ದು ಎಸೆಯಿರಿ. ಎಸೆಯೋಕೆ ಕೈ ಬರಲ್ಲ, ಗೊತ್ತು.

ಎರಡನೆಯದು ಥರ್ಮಾಸ್. ಶಿವಮೊಗ್ಗದಲ್ಲಿ ಓದುವಾಗ ನನ್ನ ಒಂದಿಡೀ ಮಳೆಗಾಲ ಇದರಲ್ಲೇ ಹೋಯಿತು. ಬೆಳಿಗ್ಗೆ ಐದಕ್ಕೆ ಬೈಕಿನಲ್ಲಿ ಹೋಗಿ ಅಂಡಾಶಯ ತರುತ್ತಿದ್ದೆ. ಕೋಣೆಯ ಥಂಡಿ ಹಿಡಿದಿದ್ದ ಫ್ಲಾಸ್ಕಿಗೆ 37 ಡಿಗ್ರಿಯ ಸಲೈನ್ ಸುರಿದು, ಅಂಗಡಿಯವನು ಒಂದೊಂದು ಕೊಟ್ಟಾಗಲೂ ಮುಚ್ಚಳ ತೆಗೆದು ಹಾಕುತ್ತಿದ್ದೆ. ಒಂದು ದಿನ ಸುಮ್ಮನೆ ಥರ್ಮಾಮೀಟರ್ ಅದ್ದಿ ನೋಡಿದರೆ 26! ಮೂರು ತಿಂಗಳು ಮೀಡಿಯಾ (ಅಂಡಾಣು ಬೆಳೆಸುವ ದ್ರವ) ಬದಲಿಸುತ್ತಾ ಕೂತಿದ್ದೆನಲ್ಲ ಅಂತ ನಗು ಬಂತು. ಆಮೇಲೆ ಫ್ಲಾಸ್ಕನ್ನು ಬಿಸಿನೀರಿನಲ್ಲಿ ತೊಳೆದು, ಅಂಡಾಶಯಗಳನ್ನು ಸಣ್ಣ ಡಬ್ಬಿಯಲ್ಲಿ ಕೂಡಿಸಿ, ಆಂಟಿಬಯಾಟಿಕ್ ಹಾಕಿದ ಸಲೈನಿಗೆ ಒಂದೇ ಸಲ ಇಳಿಸೋಕೆ ಶುರು ಮಾಡಿದೆ. 30-35 ಡಿಗ್ರಿಯಲ್ಲಿ, ಮೂರು ಗಂಟೆಯೊಳಗೆ ಟೇಬಲ್ಲಿಗೆ ಬಂದರೆ ಸಾಕು.

ಡಿಷ್ ವಿಷಯ ನಿಮಗೆ ಗೊತ್ತಿರುವುದೇ: ಟಿಸಿಎಂ-199 ಎಂಬ ಮೀಡಿಯಾ, ಶೇ. 10 ಸೀರಂ, ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಾಡಯೋಲ್ ಹಾರ್ಮೋನುಗಳು, ಶೇ. 5 ಇಂಗಾಲದ ಡೈಆಕ್ಸೈಡ್, 38.5-39 ಡಿಗ್ರಿ, 24 ಗಂಟೆ. ಒಂದು ಸೇರಿಸಿ ನೋಡಬಹುದಾದರೆ ಅದು 100 ಮೈಕ್ರೋಮೋಲಾರ್ ಸಿಸ್ಟಿಯಾಮೈನ್. ಅಂಡಾಣುವಿನ ಗ್ಲುಟಾಥಯೋನ್ (ಆಕ್ಸಿಡೀಕರಣದಿಂದ ಕೋಶವನ್ನು ಕಾಪಾಡುವ ವಸ್ತು) ಹೆಚ್ಚಿಸುತ್ತೆ. ಒಳಹೊಕ್ಕ ವೀರ್ಯಾಣುವಿನ ತಲೆ ಬಿಚ್ಚಿಕೊಳ್ಳೋಕೆ ಗ್ಲುಟಾಥಯೋನ್ ಬೇಕೇ ಬೇಕು. ಸೈಕ್ಲಿಕ್ ಎಎಂಪಿ ಇಳಿಯದಂತೆ ಮೊದಲ ಒಂದೆರಡು ಗಂಟೆ ಫೋರ್ಸ್ಕೋಲಿನ್, ಐಬಿಎಂಎಕ್ಸ್ ಎಂಬ ರಾಸಾಯನಿಕಗಳಿರುವ ಮೀಡಿಯಾದಲ್ಲಿ ಇಟ್ಟು ಆಮೇಲೆ ಪಕ್ವತೆಗೆ ಬಿಡುವ ಕ್ರಮವೂ ಇದೆ. ಚೆನ್ನಾಗಿದೆ, ಆದರೆ ಮೇಲಿನ ಎರಡು ಸರಿಯಾದ ಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಾಂ, ಮಳೆಗಾಲದಲ್ಲಿ ಕರೆಂಟು ಹೋದಾಗ ಇನ್‌ಕ್ಯುಬೇಟರ್ ಬಾಗಿಲು ತೆಗೆದು ‘ಹೇಗಿದೆ’ ಅಂತ ನೋಡುವ ಚಟ ಇದ್ದರೆ ಬಿಡಿ.

ತಪ್ಪು ಪಕ್ವತೆಯದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಭ್ರೂಣ ಬೆಳೆಸೋದೂ ಟಿಸಿಎಂನಲ್ಲೇ, ಗಾಳಿಯಲ್ಲಿರುವಷ್ಟು ಆಮ್ಲಜನಕದಲ್ಲೇ ಆಗಿದ್ದರೆ ಭ್ರೂಣ ಅದೇ ಹಂತದಲ್ಲಿ ನಿಲ್ಲಬಹುದು. ಕುರಿಯ ಅಂಡನಾಳದ ದ್ರವವನ್ನು ಅನುಸರಿಸಿ 1972ರಲ್ಲಿ ರೂಪಿಸಿದ ಎಸ್‌ಒಎಫ್ ಮೀಡಿಯಾ ಬಳಸಿ, ಆಮ್ಲಜನಕ ಶೇ. 5ಕ್ಕೆ ಇಳಿಸಿ. ಪ್ರತಿ ಬ್ಯಾಚಿನಲ್ಲೂ ಹತ್ತು ಅಂಡಾಣು ವೀರ್ಯ ಸೇರಿಸದೆ ಇಡಿ. ಅವೂ ವಿಭಜನೆಯಾಗಿ ಕೋಶ ಹೆಚ್ಚಿಸಿಕೊಂಡರೆ ನೀವು ಭ್ರೂಣ ಅಂತ ಎಣಿಸುತ್ತಿರುವುದರಲ್ಲಿ ಕೆಲವು ಭ್ರೂಣವೇ ಅಲ್ಲ.

ಅಂಡಾಶಯ ಸಿಗೋದೇ ಕಷ್ಟ ಅಂದಿದ್ದೀರಿ. ಮಟನ್ ಅಂಗಡಿಯಲ್ಲಿ ಕಡಿಯೋದು ಹೆಚ್ಚಾಗಿ ಟಗರು, ಹೆಣ್ಣು ಬಂದರೂ ಮುದಿಯಾದವು. ಮಲೆನಾಡಿನ ಮಳೆಗೆ ಕುರಿ ತಾಳಲ್ಲ, ಇಲ್ಲಿಗೆ ಬರೋದೆಲ್ಲ ಚಿತ್ರದುರ್ಗ, ದಾವಣಗೆರೆ ಕಡೆಯ ಮಾಲು. ಹಿಂದಿನ ಸಂಜೆಯೇ ಅಂಗಡಿಯವರಿಗೆ ಫೋನ್ ಮಾಡಿ ನಾಳೆ ಹೆಣ್ಣು ಎಷ್ಟು ಅಂತ ಕೇಳಿಕೊಳ್ಳಿ. ಎರಡೇ ಇದ್ದರೆ ಮೀಡಿಯಾ ಕಲಸೋಕೆ ಹೋಗಬೇಡಿ, ಮಲಗಿ.