ಗಾಡಿ ಮಾತು: ಹಳೇ 407ಗೆ ಗುಜರಿ ಟರ್ಬೊ ಹಾಕಿಸಲಾ?

ಪ್ರಶ್ನೆ: ನನ್ನದು 1999ರ ಟಾಟಾ 407, ಟರ್ಬೊ ಇಲ್ಲದ್ದು. ಉಜಿರೆಯಿಂದ ಪಶು ಆಹಾರ ಹೇರಿಕೊಂಡು ಚಾರ್ಮಾಡಿ ಹತ್ತುವಾಗ ಎರಡನೇ ಗೇರಲ್ಲೇ ಒದ್ದಾಡುತ್ತದೆ. ಹಿಂದಿನಿಂದ ಬಂದ ಗಾಡಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ನಮ್ಮ ಮೆಕ್ಯಾನಿಕ್ ಗುಜರಿಯಿಂದ ಟರ್ಬೊ ತಂದು ಪೈಪು, ವೆಲ್ಡಿಂಗು ಎಲ್ಲ ಸೇರಿ 15 ಸಾವಿರಕ್ಕೆ ಕೂರಿಸಿ ಕೊಡ್ತೀನಿ ಅಂತಿದ್ದಾರೆ. ಹಾಕಿಸಲಾ?
– ಓದುಗರು, ಮೂಡಿಗೆರೆ

ಉತ್ತರ: ಸದ್ಯಕ್ಕೆ ಬೇಡ. 15 ಸಾವಿರ ಟರ್ಬೊ ಕೂರಿಸೋ ಖರ್ಚು ಅಷ್ಟೇ, ಅದರ ಹಿಂದೆ ಬರೋ ಖರ್ಚು ಬೇರೆ ಇದೆ.

ನಿಮ್ಮದು 497 ಎಂಜಿನ್. ಹೆಸರಲ್ಲೇ ಲೆಕ್ಕ ಇದೆ ನೋಡಿ, 4 ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ). ಮೂರು ಲೀಟರಿಗೆ ಸ್ವಲ್ಪ ಕಮ್ಮಿ, 2956 ಸಿಸಿ. ಟರ್ಬೊ ಮಾಡೋದು ಒಂದೇ ಕೆಲಸ: ಸೈಲೆನ್ಸರಿಗೆ ಹೋಗೋ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಇನ್ನೊಂದು ತುದಿಯ ಚಕ್ರದಿಂದ ಎಂಜಿನ್‌ಗೆ ಗಾಳಿ ಒತ್ತಿ ತುಂಬೋದು. ಬರೀ ಗಾಳಿ ತುಂಬಿದರೆ ಕಪ್ಪು ಹೊಗೆ ಕಮ್ಮಿಯಾದೀತು, ಪುಲ್ಲಿಂಗ್ ಹೇಳಿಕೊಳ್ಳುವಷ್ಟು ಬರಲ್ಲ. ಶಕ್ತಿ ಬರೋದು ಡೀಸೆಲ್‌ನಿಂದ. ಹಾಗಾಗಿ ಟರ್ಬೊ ಕೂರಿಸಿದ ಮಾರನೇ ದಿನ ಮೆಕ್ಯಾನಿಕ್ ಡೀಸೆಲ್ ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡ್ತಾರೆ. ಗಾಡಿ ನಿಜಕ್ಕೂ ಎಳೆಯುತ್ತೆ, ನೀವೂ ಖುಷಿ, ಅವರೂ ಖುಷಿ. ತೊಂದರೆ ಶುರುವಾಗೋದು ಘಾಟಿಯಲ್ಲಿ.

ಬಯಲಿನಲ್ಲಿ ಓವರ್‌ಟೇಕ್ ಮಾಡಲು ಅರ್ಧ ನಿಮಿಷ ಆಕ್ಸಿಲರೇಟರ್ ಒತ್ತೋದು ಬೇರೆ, ಲೋಡ್ ಹೊತ್ತು ಘಾಟಿ ತುದಿಯ ಕೊಟ್ಟಿಗೆಹಾರದವರೆಗೆ ಒಂದೇ ಸಮ ಒತ್ತಿಕೊಂಡು ಹತ್ತೋದು ಬೇರೆ. ಟರ್ಬೊಗೆ ಅಂತಲೇ ಮಾಡಿದ ಎಂಜಿನ್‌ಗಳಲ್ಲಿ ಪಿಸ್ಟನ್ನೇ ಬೇರೆ ಇರುತ್ತೆ, ಎಷ್ಟೋ ಎಂಜಿನ್‌ಗಳಲ್ಲಿ ಅದರ ಅಡಿಗೆ ಆಯಿಲ್ ಚಿಮ್ಮಿಸಿ ತಂಪು ಮಾಡೋ ಜೆಟ್ ಇರುತ್ತೆ. ಗಾಳಿ ಇನ್ನೂ ತುಂಬದೆ ಇರುವಾಗ ಡೀಸೆಲ್ ತಡೆದು ಹಿಡಿಯಲು ಪಂಪಿನ ಮೇಲೆ ಒಂದು ಡಯಾಫ್ರಂ ಕೂಡ. ಇದೇ 497 ಮನೆತನದಲ್ಲಿ ಕಂಪನಿಯವರೇ ಟರ್ಬೊ, ಇಂಟರ್‌ಕೂಲರ್ (ಒತ್ತಿದ ಗಾಳಿ ತಂಪು ಮಾಡೋದು) ಇರುವ ಎಂಜಿನ್ ಮಾಡಿದ್ದಾರೆ, ಆದರೆ ಅದು ನಿಮ್ಮ ಎಂಜಿನ್‌ಗೆ ಒಂದು ಡಬ್ಬಿ ಸಿಕ್ಕಿಸಿದ್ದಲ್ಲ. ಟರ್ಬೊ ಮುಂದೆ ಹೊಗೆಯ ಶಾಖ 700 ಡಿಗ್ರಿ ದಾಟಿ ಹಾಗೇ ನಿಂತರೆ ಹಳೇ ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ ತಡೆಯೋದು ಕಷ್ಟ. ಆ ಶಾಖ ನಿಮಗೆ ಟೆಂಪರೇಚರ್ ಮೀಟರಿನಲ್ಲಿ ಕಾಣಲ್ಲ, ಅದು ತೋರಿಸೋದು ನೀರಿನ ಬಿಸಿ.

ಇನ್ನು ಗುಜರಿ ಟರ್ಬೊ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ, ಆಯಿಲ್‌ನ ತೆಳು ಪದರದ ಮೇಲೆ ತೇಲಿಕೊಂಡು. ಅಂಗಡಿಯಲ್ಲಿ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಕೈಗೆ ಗೊತ್ತಾಗುವಷ್ಟು ಆಡಿದರೆ ಅಲ್ಲೇ ಬಿಟ್ಟು ಬನ್ನಿ. ಅಡ್ಡಕ್ಕೆ ಚೂರು ಆಡೋದು ಸಹಜ, ಆದರೆ ರೆಕ್ಕೆ ಗೋಡೆಗೆ ತಾಗಬಾರದು. ವಾಪಸ್ ಹೋಗೋ ಆಯಿಲ್ ಪೈಪ್ ದಪ್ಪಗಿರಬೇಕು, ಇಳಿಜಾರಾಗಿ ಇಳಿದು ಎಂಜಿನ್ ಅಡಿಯ ಆಯಿಲ್ ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಸಣ್ಣ ಪೈಪ್ ಹಾಕಿದರೆ ಆಯಿಲ್ ಕಟ್ಟಿಕೊಂಡು ಟರ್ಬೊದ ಸೀಲ್ ದಾಟಿ ಗಾಳಿ ಪೈಪಿಗೇ ನುಗ್ಗುತ್ತೆ.

ಆಗ ಏನಾಗುತ್ತೆ ಅಂತ ಹಾಸನದ ಹತ್ತಿರ ಒಂದು ಶೆಡ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಇಂಥದ್ದೇ ಹಳೇ ಗಾಡಿ, ಇಂಥದ್ದೇ ಟರ್ಬೊ. ಸ್ಟಾರ್ಟ್ ಮಾಡಿ ಎರಡು ಸಲ ರೇಸ್ ಕೊಟ್ಟರು. ಆಮೇಲೆ ಅದು ತನ್ನ ಆಯಿಲನ್ನೇ ಕುಡಿದು ತಾನೇ ಏರತೊಡಗಿತು. ಸ್ಟಾಪ್ ಕೇಬಲ್ ಎಳೆದರೂ ನಿಲ್ಲಲಿಲ್ಲ, ಡೀಸೆಲ್‌ನಿಂದ ಓಡ್ತಿದ್ದರೆ ತಾನೇ ನಿಲ್ಲೋದು. ಶೆಡ್ ಪೂರ್ತಿ ಬಿಳಿ ಹೊಗೆ, ನಾವೆಲ್ಲ ಹೊರಗೆ ಓಡಿದೆವು. ಕೊನೆಗೆ ವಯಸ್ಸಾದ ಫಿಟ್ಟರ್ ಒಬ್ಬರು ಗಾಳಿ ಪೈಪ್ ಕಿತ್ತು ಹಲಗೆ ಒತ್ತಿ ಹಿಡಿದ ಮೇಲೆ ಉಸಿರುಗಟ್ಟಿ ನಿಂತಿತು. (ಅಂಗೈ ಮಾತ್ರ ಇಡಲೇಬೇಡಿ.)

ಕಾನೂನಿನದೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ನಂತರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಪ್ರತಿ ವರ್ಷ ಹೋಗಬೇಕಲ್ವಾ?

ಅದರ ಬದಲು ಹೀಗೆ ಮಾಡಿ. ಎಂಜಿನ್ ಆಫ್ ಇರುವಾಗ ಯಾರಾದರೂ ಆಕ್ಸಿಲರೇಟರ್ ಪೂರ್ತಿ ಒತ್ತಲಿ, ನೀವು ಡೀಸೆಲ್ ಪಂಪಿನ ಲಿವರ್ ನೋಡಿ. ಕೊನೆಯ ಬೋಲ್ಟಿಗೆ ತಾಗ್ತಿದೆಯಾ? ಹಳೇ ಗಾಡಿಗಳಲ್ಲಿ ಬುಷ್ ಸವೆದು ಬೆರಳಗಲ ಹಿಂದೆಯೇ ನಿಂತಿರುತ್ತೆ, ಅಷ್ಟರಲ್ಲೇ ನಿಮ್ಮ ಅರ್ಧ ಪುಲ್ಲಿಂಗ್ ಹೋಗಿರಬಹುದು. ಆಮೇಲೆ ಏರ್ ಫಿಲ್ಟರ್, ಟ್ಯಾಪೆಟ್, ನಾಝಲ್, ಪಂಪ್ ಕ್ಯಾಲಿಬ್ರೇಷನ್, ಕೊನೆಗೆ ಕಂಪ್ರೆಷನ್. ಬ್ರೇಕ್ ಹಿಡಿದುಕೊಂಡಿಲ್ಲ ತಾನೇ, ಕ್ಲಚ್ ಜಾರ್ತಿಲ್ಲ ತಾನೇ, ಅದನ್ನೂ ನೋಡಿಸಿ. ಎಷ್ಟು ಚೀಲ ಹೇರ್ತೀರಿ ಅಂತ ನೀವು ಬರೆದಿಲ್ಲ, ನಾನೂ ಕೇಳಲ್ಲ, ಆರ್‌ಸಿಯಲ್ಲಿ ಬರೆದ ತೂಕ ನೋಡಿಕೊಳ್ಳಿ.

ಪ್ರಶ್ನೆ: ಗಾಳಿ ಪೈಪಿನೊಳಗೆ ಕೂರಿಸೋ 12 ವೋಲ್ಟಿನ ‘ಎಲೆಕ್ಟ್ರಿಕ್ ಟರ್ಬೊ’ ಆನ್‌ಲೈನಲ್ಲಿ ಸಾವಿರದೊಳಗೆ ಸಿಗುತ್ತೆ. ಹಳೇ ಪಿಕಪ್‌ಗೆ ಹಾಕಬಹುದಾ?
– ಓದುಗರು, ಶಿರಸಿ

ಉತ್ತರ: ಸುಮ್ನೆ ದುಡ್ಡು ದಂಡ. ಮೂರು ಲೀಟರ್ ಎಂಜಿನ್ 2,800 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 4,000 ಲೀಟರ್ ಗಾಳಿ ಎಳೆಯುತ್ತೆ. ಅಷ್ಟನ್ನು ನಿಜವಾಗಿ ಒತ್ತಿ ತುಂಬಲು ಬ್ಯಾಟರಿಯಿಂದ ನೂರಾರು ಆಂಪಿಯರ್ ಬೇಕು. ಆ ಫ್ಯಾನಿಗೆ ಕೊಟ್ಟಿರೋ ವೈರ್ ನೋಡಿ, ಹಾರ್ನಿನ ವೈರಿನಷ್ಟೂ ಇಲ್ಲ. ಪೈಪಿಗೆ ಅಡ್ಡ ಕೂತು ಇರೋ ಗಾಳಿಯನ್ನೂ ತಡೆಯುತ್ತೆ.

ಪ್ರಶ್ನೆ: ಟರ್ಬೊ ಗಾಡಿ ನಿಲ್ಲಿಸಿದ ತಕ್ಷಣ ಆಫ್ ಮಾಡಬಾರದು ಅಂತಾರೆ. ಎಷ್ಟು ಹೊತ್ತು ಬಿಡಬೇಕು?
– ಟಿಪ್ಪರ್ ಚಾಲಕರು, ಹೊಸಪೇಟೆ

ಉತ್ತರ: ಎಂಜಿನ್ ನಿಂತರೆ ಆಯಿಲ್ ಪಂಪೂ ನಿಂತಿತು. ಟರ್ಬೊ ಆಗಿನ್ನೂ ಕೆಂಡ. ಒಳಗೆ ಉಳಿದ ಆಯಿಲ್ ಸೀದು ಮಸಿ ಕಟ್ಟುತ್ತೆ. ಲೋಡ್ ಎಳೆದುಕೊಂಡು ಬಂದಿದ್ದರೆ ಎರಡು ಮೂರು ನಿಮಿಷ ಐಡಲ್ ಬಿಡಿ. ಊರೊಳಗೆ ನಿಧಾನಕ್ಕೆ ಬಂದು ನಿಲ್ಲಿಸಿದ್ದರೆ ಅದೇ ತಣ್ಣಗಾಗಿರುತ್ತೆ, ಅರ್ಧ ನಿಮಿಷ ಸಾಕು. ಆಫ್ ಮಾಡೋ ಮುಂಚೆ ಒಂದು ಸಲ ಜೋರಾಗಿ ರೇಸ್ ಕೊಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.