ಸ್ಪೀಕರ್‌ಗೆ ಹಾಕಿದರೆ ಕೀಬೋರ್ಡ್‌ನಲ್ಲಿ ಬರೀ ರಿವರ್ಬ್ ಕೇಳುತ್ತದೆ, ಸೌಂಡ್ ಸರಿಮಾಡುವುದು ಹೇಗೆ?

ಹೆಡ್‌ಫೋನ್‌ನಲ್ಲಿ ಚೆನ್ನಾಗಿರುವ ಸೌಂಡ್, ಮಿಕ್ಸರ್ ಮೂಲಕ ಸ್ಪೀಕರ್‌ಗೆ ಹೋದ ಕೂಡಲೇ ಬಾವಿಯೊಳಗಿಂದ ಬಂದಂತಾಗುತ್ತದೆ, ರಿವರ್ಬ್ (ಸ್ವರದ ಹಿಂದೆ ಉಳಿಯುವ ಗುಂಗು) ಇಳಿಸಿದರೂ ಸರಿಯಾಗುತ್ತಿಲ್ಲ ಎಂದಿದ್ದೀರಿ. ಹಾಗಿದ್ದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆ.

ಹೆಡ್‌ಫೋನ್ ಜ್ಯಾಕ್ ಸ್ಟೀರಿಯೋ: ಪಿನ್ನಿನ ತುದಿಯಲ್ಲಿ ಎಡ, ನಡುವಿನ ರಿಂಗ್‌ನಲ್ಲಿ ಬಲ. ಎರಡು ಕಪ್ಪು ಗೆರೆಯ ಪಿನ್ ಎರಡೂ ತುದಿಗಿರುವ ಕೇಬಲ್‌ನಿಂದ ಇದನ್ನು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಚಾನೆಲ್‌ಗೆ (ತುದಿ ಮತ್ತು ರಿಂಗ್‌ನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವ ಇನ್‌ಪುಟ್) ಕೊಟ್ಟರೆ, ಮಿಕ್ಸರ್ ಎಡ-ಬಲ ಎರಡನ್ನು ಕೂಡಿಸುವುದಿಲ್ಲ; ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡರಲ್ಲೂ ಸಮವಾಗಿರುವ ಮೂಲ ಸ್ವರ ಅಲ್ಲೇ ಹೊಡೆದುಹೋಗುತ್ತದೆ. ಎರಡರಲ್ಲಿ ಬೇರೆಬೇರೆಯಾಗಿರುವ ರಿವರ್ಬ್ ಮಾತ್ರ ಉಳಿಯುತ್ತದೆ. ರಿವರ್ಬ್ ಪೂರ್ತಿ ಆಫ್ ಮಾಡಿ ನುಡಿಸಿ ನೋಡಿ: ಸ್ವರ ಸ್ಪಷ್ಟವಾಗುವ ಬದಲು ಇನ್ನೂ ಸಣ್ಣಗಾದರೆ ಕಾರಣ ಇದೇ.

ಒಂದು ಸ್ಟೀರಿಯೋ ಪಿನ್‌ನಿಂದ ಎರಡು ಮೋನೋ ಪಿನ್ ಹೊರಡುವ ವೈ ಕೇಬಲ್ ಹಾಕಿ. ಎರಡು ಚಾನೆಲ್‌ಗೆ ಕೊಟ್ಟು, ಪ್ಯಾನ್ ನಾಬ್ (ಸೌಂಡ್ ಎಡಕ್ಕೋ ಬಲಕ್ಕೋ ಎಂದು ಹಂಚುವುದು) ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಒಂದೇ ಚಾನೆಲ್ ಖಾಲಿ ಇದ್ದರೆ ಎಡದ ಪಿನ್ ಮಾತ್ರ ಸಾಕು. ಕೀಬೋರ್ಡ್ ಹಿಂದುಗಡೆ ಎಲ್/ಮೋನೋ ಎಂಬ ಔಟ್‌ಪುಟ್ ಇದ್ದರೆ ಇನ್ನೂ ಒಳ್ಳೆಯದು, ಸಾಧಾರಣ ಮೋನೋ ಕೇಬಲ್‌ನಲ್ಲಿ ಕೆಲಸ ಮುಗಿಯಿತು. ಕೀಬೋರ್ಡ್ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು ಉಳಿದದ್ದನ್ನು ಮಿಕ್ಸರ್ ಗೇನ್‌ನಲ್ಲಿ (ಒಳಬರುವ ಸೌಂಡ್‌ನ ಮಟ್ಟ) ಹೊಂದಿಸಿ. ಮಿಕ್ಸರ್‌ನ ಎಫೆಕ್ಟ್ ಸೆಂಡ್ (ಸೌಂಡನ್ನು ಎಫೆಕ್ಟ್‌ಗೆ ಕಳಿಸುವ ನಾಬ್) ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ರಿವರ್ಬ್ ಮೇಲೆ ರಿವರ್ಬ್ ಬೀಳುತ್ತದೆ.

ಇನ್ನು ಕೀಬೋರ್ಡ್ ಒಳಗಿನದು. ಫಂಕ್ಷನ್ ಮೆನುವಿನಲ್ಲಿ ರಿವರ್ಬ್ ಟೈಪ್ ಬೇರೆ, ರಿವರ್ಬ್ ಲೆವೆಲ್ ಬೇರೆ. ಗುಂಗಿನ ಬಗೆ ಮತ್ತು ಉದ್ದ ಟೈಪ್‌ನಿಂದ, ಪ್ರಮಾಣ ಲೆವೆಲ್‌ನಿಂದ. ಹಾಲ್ ಟೈಪ್ ಇಟ್ಟುಕೊಂಡು ಲೆವೆಲ್ ಇಳಿಸುತ್ತ ಕೂರುವುದಕ್ಕಿಂತ ರೂಮ್‌ಗೆ ಬದಲಾಯಿಸುವುದು ಮೇಲು, ಅದರಲ್ಲೂ ಜಾಗವೇ ಪ್ರತಿಧ್ವನಿಸುವಂಥದ್ದಾದರೆ. ಲೆವೆಲ್ ಸಾಮಾನ್ಯವಾಗಿ 0ಯಿಂದ 127ರವರೆಗೆ ಇರುತ್ತದೆ, ಮೇನ್ (ಮುಖ್ಯ ಸೌಂಡ್), ಡ್ಯುಯಲ್ (ಅದರ ಜೊತೆ ಸೇರುವ ಎರಡನೆಯ ಸೌಂಡ್), ಸ್ಪ್ಲಿಟ್ (ಎಡಗೈ ಭಾಗದ ಸೌಂಡ್) ಮೂರಕ್ಕೂ ಪ್ರತ್ಯೇಕ. ಮೇನ್ ಮಾತ್ರ ಇಳಿಸಿ ಡ್ಯುಯಲ್ ಮರೆತರೆ ಗುಂಗು ಹಾಗೇ ಉಳಿಯುತ್ತದೆ. ಮೇನ್ 30-40, ಡ್ಯುಯಲ್‌ನಲ್ಲಿ ಸ್ಟ್ರಿಂಗ್ಸ್ ಇದ್ದರೆ 40-50, ಎಡಗೈಯ ಬೇಸ್‌ಗೆ 0-10ರಿಂದ ಶುರುಮಾಡಿ. ಬೇಸ್‌ಗೆ ರಿವರ್ಬ್ ಹೆಚ್ಚಿದಷ್ಟೂ ಕಾರ್ಡ್‌ಗಳೆಲ್ಲ (ಒಟ್ಟಿಗೆ ನುಡಿಸುವ ಸ್ವರಗಳು) ಕಲಸಿಹೋಗುತ್ತವೆ.

ಸಸ್ಟೇನ್ ಬಟನ್ ಕೂಡ ನೋಡಿ, ಅದನ್ನೇ ರಿವರ್ಬ್ ಎಂದು ತಿಳಿಯುವವರು ಬಹಳ. ಆರ್ಗನ್ ವಾಯ್ಸ್‌ನಲ್ಲಿ (ಆರ್ಗನ್ ವಾದ್ಯದ ಸೌಂಡ್) ಒಂದು ಕೀ ಚಕ್ಕನೆ ಒತ್ತಿ ಬಿಡಿ. ಅದೇ ಸ್ವರ ಎಳೆದುಕೊಂಡು ಇಳಿದರೆ ಸಸ್ಟೇನ್; ಸ್ವರ ನಿಂತು ಹಿಂದೆ ಮಸುಕಾದ ಗುಂಗು ಮಾತ್ರ ಉಳಿದರೆ ರಿವರ್ಬ್. ಪೆಡಲ್ ಇದ್ದರೆ ಪವರ್ ಆನ್ ಮಾಡುವಾಗ ಅದರ ಮೇಲೆ ಕಾಲಿಡಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಆಗ ಪೆಡಲ್ ಉಲ್ಟಾ ಕೆಲಸ ಮಾಡುತ್ತದೆ, ಕಾಲು ತೆಗೆದಾಗಲೇ ಸ್ವರ ಎಳೆಯುತ್ತದೆ.

ಟೋನ್ ಕೊನೆಗೆ. ಕೀಬೋರ್ಡ್‌ನ ಮಾಸ್ಟರ್ ಇಕ್ಯೂನಲ್ಲಿ (ಇಡೀ ಸೌಂಡ್‌ನ ಬೇಸ್-ಟ್ರೆಬಲ್ ಹೊಂದಿಸುವುದು) ಬೂಸ್ಟ್ ಇದ್ದರೆ ತೆಗೆಯಿರಿ, ದೊಡ್ಡ ಸ್ಪೀಕರ್‌ನಲ್ಲಿ ಅದು ಒಡೆದು ಕೇಳುತ್ತದೆ. ಆಮೇಲೂ ಸೌಂಡ್ ಮಂಕಾಗಿದ್ದರೆ ಮಿಕ್ಸರ್‌ನಲ್ಲಿ 250-400 ಹರ್ಟ್ಸ್ ಸುತ್ತ 2-3 ಡೆಸಿಬೆಲ್ ಇಳಿಸಿ. ಟ್ರೆಬಲ್ ಏರಿಸಿದರೆ ಕರ್ಕಶವಾಗುತ್ತದೆಯೇ ಹೊರತು ಮಂಕು ಹೋಗುವುದಿಲ್ಲ. ಎಲ್ಲ ಹೊಂದಿದ ಮೇಲೆ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ (ಸೆಟ್ಟಿಂಗ್‌ಗಳನ್ನು ಉಳಿಸಿಡುವ ಬಟನ್‌ಗಳು) ಸೇವ್ ಮಾಡಿ. ವಾಯ್ಸ್ ಬದಲಿಸಿದಾಗ ಹಲವು ಕೀಬೋರ್ಡ್‌ಗಳು ಆ ವಾಯ್ಸ್‌ನ ಮೂಲ ರಿವರ್ಬ್ ಲೆವೆಲ್ಲನ್ನೇ ಮತ್ತೆ ಎತ್ತಿಕೊಳ್ಳುತ್ತವೆ.