ನಿಜಾಮರ ಅಂಚೆಚೀಟಿಯಲ್ಲಿ ಬೀದರ್‌ನ ಯಾವ ಕಟ್ಟಡ ಇತ್ತು?

ಮಹಮೂದ್ ಗವಾನನ ಮದರಸಾ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಇಲಾಖೆ ಇತ್ತು. ಮೊದಲ ಚೀಟಿ 1869ರಲ್ಲಿ ಬಂತು. 1950ರಲ್ಲಿ ಇಲಾಖೆ ಭಾರತದ ಅಂಚೆಯೊಳಗೆ ಸೇರಿಹೋಯಿತು. ನಡುವೆ, 1931ರ ಚಿತ್ರಮಾಲಿಕೆಯಲ್ಲಿ ಒಂದಾಣೆಗೆ ಚಾರ್‌ಮಿನಾರ್, ಹನ್ನೆರಡಾಣೆಗೆ ನಮ್ಮ ಬೀದರ್! ಅಂದರೆ ಮುಕ್ಕಾಲು ರೂಪಾಯಿಯ ಚೀಟಿ. ಸಾಮಾನ್ಯ ಕಾಗದಕ್ಕೆ ಅಂಟಿಸುವಂಥದ್ದಲ್ಲ.

ಚೀಟಿಗಿಂತ ಕಟ್ಟಡವೇ ದೊಡ್ಡ ಕಥೆ. ಬಹಮನಿಗಳ ಮಂತ್ರಿ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ ಅದು. ಮುಂದೆ ಮೊಘಲರ ಕಾಲದಲ್ಲಿ, 1696ರಲ್ಲಿ, ಸ್ಫೋಟವಾಗಿ ಮುಂಭಾಗದ ಒಂದು ಮಿನಾರು, ಹೆಬ್ಬಾಗಿಲು ಕುಸಿದವು. ಉಳಿದ ಮಿನಾರಿನ ಹತ್ತಿರ ಹೋಗಿ ನಿಂತು ನೋಡಿ: ಮಾಸಿದ ಗಾರೆಯ ನಡುವೆ ನೀಲಿ, ಹಳದಿ, ಬಿಳಿ ಹೆಂಚಿನ ತುಣುಕುಗಳು ಇನ್ನೂ ಹೊಳೆಯುತ್ತವೆ. ಆ ಬಣ್ಣ ಯಾವ ಚೀಟಿಯಲ್ಲೂ ಸಿಗದು.